ಇಂಪೋರ್ಟ್ ಆಯ್ತು, ಆದ್ರೆ ಸರಿ ಇದ್ಯಾ? ನಂಪೈ, ಸೈಪೈ ವೀಲ್ ಕೈಕೊಟ್ಟಾಗ ನೋಡುವ ಕ್ರಮ

ಮೊನ್ನೆ ಶನಿವಾರ ರಾತ್ರಿ ಶಿರಸಿಯಿಂದ ಭಾವನ ಫೋನು. "ಭಾವಾ, ಎಂತ ಮಾಡಿದ್ರೂ ಸೈಪೈ ಇನ್‌ಸ್ಟಾಲ್ ಆಗ್ತಿಲ್ಲೆ, ಸ್ಕ್ರೀನ್ ತುಂಬಾ ಕೆಂಪು ಕೆಂಪು ಬತ್ತಾ ಇದ್ದು." ಅವನು ತೋಟದ ಮನೆ ಅಂಗಳದಲ್ಲಿ ಮಳೆಮಾಪಕ ಇಟ್ಕೊಂಡು ದಿನಾ ಬೆಳಿಗ್ಗೆ 8.30ಕ್ಕೆ ತಪ್ಪದೆ ನೋಟ್‌ಬುಕ್ಕಲ್ಲಿ ಬರೆಯೋ ಮನುಷ್ಯ, ಈಗ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆಯೋ ಹುಚ್ಚು ಹತ್ತಿದೆ. ನಾನು ಇಲ್ಲಿ ಕಾರವಾರದಲ್ಲಿ ಒಂದು ಲ್ಯಾಬಿನ 22 ಮಷೀನ್ ನೋಡ್ಕೊಳೋನು, ಹಾಗಾಗಿ ಊರಲ್ಲಿ ಯಾರ ಪೈಥಾನ್ ಕೆಟ್ರೂ ಫೋನ್ ನಂಗೇ ಬರ್ತದೆ. ಫೋನಲ್ಲೇ ಅರ್ಧ ಗಂಟೆ ಹೇಳಿದೆ, ಆಮೇಲೆ ಅನ್ನಿಸ್ತು ಇದನ್ನ ಒಮ್ಮೆ ಕೂತು ಬರೆದುಬಿಟ್ರೆ ಮುಂದಿನ ಸಲ ಲಿಂಕ್ ಕಳಿಸಿದ್ರೆ ಸಾಕು ಅಂತ.

ಮೊದಲು ಒಂದು ಮಾತು. ನಂಪೈ ಅಂದ್ರೆ ಪೈಥಾನಲ್ಲಿ ಅಂಕಿಗಳ ದೊಡ್ಡ ಪಟ್ಟಿ (ಅರೇ) ಲೆಕ್ಕ ಮಾಡೋ ಪ್ಯಾಕೇಜು, ಸೈಪೈ ಅದರ ಮೇಲೆ ಕಟ್ಟಿದ ವಿಜ್ಞಾನದ ಲೆಕ್ಕದ ಪ್ಯಾಕೇಜು. ನಂಪೈ ಒಳಗೆ ಸಿ ಕೋಡ್ ಇದೆ, ಸೈಪೈ ಒಳಗೆ ಸಿ, ಸಿ++, ಫೋರ್ಟ್ರಾನ್ ಎಲ್ಲ ಇದೆ. ಅದನ್ನ ನಾವು ನಮ್ಮ ಮಷೀನಲ್ಲಿ ಕಂಪೈಲ್ ಮಾಡೋದಿಲ್ಲ (ಅಂದ್ರೆ ನೇರ ಓಡೋ ಬೈನರಿಯಾಗಿ ಕಟ್ಟೋದಿಲ್ಲ), ಬೇರೆಯವರು ಬೇರೆ ಎಲ್ಲೋ ಕಂಪೈಲ್ ಮಾಡಿಟ್ಟ ರೆಡಿ ಫೈಲನ್ನ ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಪ್ರೋಗ್ರಾಮು) ತಂದು ಬಿಚ್ಚಿ ಇಡ್ತದೆ ಅಷ್ಟೇ. ಆ ಫೈಲಿಗೇ ವೀಲ್ ಅನ್ನೋದು. ಅದು ಬರೀ ಒಂದು ಜಿಪ್ ಫೈಲು, ಹೆಸರು ಬದಲಿಸಿ ಬಿಚ್ಚಿ ನೋಡಬಹುದು ಬೇಕಾದ್ರೆ. ಪೇಟೆಯಿಂದ ರೆಡಿ ಕಿಟಕಿ ಚೌಕಟ್ಟು ತಂದು ನಮ್ಮ ಹಳೇ ಗೋಡೆಗೆ ಕೂರಿಸಿದ ಹಾಗೆ. ಚೌಕಟ್ಟು ಚೆನ್ನಾಗೇ ಇರ್ತದೆ, ಗೋಡೆಯ ಅಳತೆ ಬೇರೆ ಇರ್ತದೆ. ಇಲ್ಲಿ ಬರೋ ತೊಂದರೆಯಲ್ಲಿ ಮುಕ್ಕಾಲು ಪಾಲು ಅಳತೆ ತಪ್ಪಿದ್ದು, ಪ್ಯಾಕೇಜ್ ಕೆಟ್ಟಿದ್ದಲ್ಲ.

ಕಮಾಂಡ್ ಎಲ್ಲ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಸಣ್ಣಕ್ಷರದಲ್ಲಿ ಹೊಡ್ಕೊಳಿ.

ಕೈ ಹಾಕೋ ಮುಂಚೆ

ಕೆಲಸ ಮಾಡ್ತಾ ಇರೋ ಹಳೇ ಎನ್ವಿರಾನ್ಮೆಂಟನ್ನ (ಒಂದು ಪೈಥಾನ್, ಅದರ ಪ್ಯಾಕೇಜುಗಳು ಇರೋ ಪ್ರತ್ಯೇಕ ಫೋಲ್ಡರು) ಅಳಿಸಬೇಡಿ. "ಪಿಪ್ ಫ್ರೀಜ್" ಹೊಡೆದು ಬಂದ ಪಟ್ಟಿಯನ್ನ ಒಂದು ಟೆಕ್ಸ್ಟ್ ಫೈಲಿಗೆ ಹಾಕಿಡಿ, ಆಮೇಲೆ "ಪೈಥಾನ್ -ಎಮ್ ವೆನ್ವ್ ಪರೀಕ್ಷೆ" ಅಂತ ಹೊಸ ಖಾಲಿ ಎನ್ವಿರಾನ್ಮೆಂಟ್ ಮಾಡ್ಕೊಂಡು ಅದರಲ್ಲೇ ಎಲ್ಲ ಪ್ರಯೋಗ ಮಾಡಿ. ಲಿನಕ್ಸಲ್ಲಿ "ಸುಡೊ ಪಿಪ್" ಅಂತೂ ಬೇಡವೇ ಬೇಡ, ಸಿಸ್ಟಮ್ಮಿನ ಸ್ವಂತ ಪೈಥಾನನ್ನೇ ಕೆಡಿಸಿಕೊಂಡು ಸಾಫ್ಟ್‌ವೇರ್ ಅಪ್ಡೇಟೇ ನಿಂತು ಹೋದ ಮಷೀನ್ ನಾನು ನೋಡಿದೀನಿ. ಹಾಗೇ ವಾಟ್ಸಾಪ್, ಟೆಲಿಗ್ರಾಮ್ ಗ್ರೂಪಲ್ಲಿ ಯಾರೋ ಹಾಕಿದ ವೀಲ್ ಫೈಲನ್ನ ಇನ್‌ಸ್ಟಾಲ್ ಮಾಡಬೇಡಿ, ಅದರೊಳಗೆ ಇರೋದು ನೇರವಾಗಿ ಓಡೋ ಬೈನರಿ, ಎಂತ ತುಂಬಿಸಿದಾರೆ ಅಂತ ಕಣ್ಣಲ್ಲಿ ನೋಡಿದ್ರೆ ಗೊತ್ತಾಗೂದಿಲ್ಲ. ಹೆಸರು ಟೈಪ್ ಮಾಡುವಾಗಲೂ ಒಂದಕ್ಷರ ತಪ್ಪಿದ್ರೆ ಅದೇ ತಪ್ಪು ಹೆಸರಲ್ಲಿ ಕಳ್ಳ ಪ್ಯಾಕೇಜ್ ಇಟ್ಟು ಕಾಯೋರು ಇದ್ದಾರೆ, ನೋಡಿ ಹೊಡೀರಿ.

"ಈಗಷ್ಟೇ ಇನ್‌ಸ್ಟಾಲ್ ಮಾಡಿದೆ, ಆದ್ರೂ ನೋ ಮಾಡ್ಯೂಲ್ ನೇಮ್ಡ್ ನಂಪೈ ಅಂತದೆ"

ಇದು ಕಾಯಿಲೆಯೇ ಅಲ್ಲ, ವಿಳಾಸ ತಪ್ಪಿದ್ದು. ಮಷೀನಲ್ಲಿ ಎರಡು ಮೂರು ಪೈಥಾನ್ ಇರ್ತದೆ, ಪಿಪ್ ಒಂದರಲ್ಲಿ ಹಾಕ್ತದೆ, ನೀವು ಓಡಿಸೋದು ಇನ್ನೊಂದನ್ನ. ಪೈಥಾನ್ ಒಳಗೆ "ಇಂಪೋರ್ಟ್ ಸಿಸ್" ಮಾಡಿ "ಸಿಸ್.ಎಕ್ಸಿಕ್ಯೂಟೆಬಲ್" ನೋಡಿ, ಯಾವ ಫೋಲ್ಡರಿನ ಪೈಥಾನ್ ಅಂತ ಅದೇ ಹೇಳ್ತದೆ. ಆಮೇಲೆ ಬರೀ "ಪಿಪ್ ಇನ್‌ಸ್ಟಾಲ್" ಬಿಟ್ಟು ಯಾವಾಗಲೂ "ಪೈಥಾನ್ -ಎಮ್ ಪಿಪ್ ಇನ್‌ಸ್ಟಾಲ್ ನಂಪೈ" ಅಂತಲೇ ಹೊಡೀರಿ, ಆಗ ಓಡಿಸೋದೂ ಹಾಕೋದೂ ಒಂದೇ ಪೈಥಾನ್ ಆಗ್ತದೆ. ಲ್ಯಾಬಲ್ಲಿ ಬರೋ ದೂರಲ್ಲಿ ಅರ್ಧ ಇಲ್ಲಿಗೇ ಮುಗೀತದೆ.

ಇದರ ತಮ್ಮ ಒಬ್ಬ ಇದ್ದಾನೆ. ಇಂಪೋರ್ಟ್ ಆಗ್ತದೆ, ಆದ್ರೆ "ನಂಪೈಗೆ ಅರೇ ಅನ್ನೋ ಆಟ್ರಿಬ್ಯೂಟ್ ಇಲ್ಲ" ಅಂತ ವಿಚಿತ್ರ ಎರರ್. ನಿಮ್ಮ ಫೋಲ್ಡರಲ್ಲಿ ನೀವೇ ಬರೆದ ಪ್ರೋಗ್ರಾಮಿಗೆ ನಂಪೈ ಅಂತಲೋ ರ್‍ಯಾಂಡಮ್ ಅಂತಲೋ ಹೆಸರಿಟ್ಟಿದೀರಾ ನೋಡಿ. ಪೈಥಾನ್ ಮೊದಲು ಮನೆಯೊಳಗೆ ಹುಡುಕ್ತದೆ, ಆಮೇಲೆ ಹೊರಗೆ. "ನಂಪೈ.__ಫೈಲ್__" ಪ್ರಿಂಟ್ ಮಾಡಿದ್ರೆ ಯಾವ ಫೈಲ್ ಬಂತು ಅಂತ ಗೊತ್ತಾಗ್ತದೆ.

ಇನ್‌ಸ್ಟಾಲ್ ಮಾಡಕ್ಕೆ ಹೋದ್ರೆ ಸ್ಕ್ರೀನ್ ತುಂಬಾ ಕೆಂಪಕ್ಷರ, ಮೀಸಾನ್, ಫೋರ್ಟ್ರಾನ್ ಅಂತೆಲ್ಲ ಬರ್ತದೆ

ನಮ್ಮ ಭಾವನಿಗೆ ಆಗಿದ್ದು ಇದೇ. ಇದರರ್ಥ ಒಂದೇ: ನಿಮ್ಮ ಪೈಥಾನಿಗೆ ಹೊಂದೋ ರೆಡಿ ವೀಲ್ ಪಿಪ್ಪಿಗೆ ಸಿಗಲಿಲ್ಲ, ಹಾಗಾಗಿ ಸೋರ್ಸ್ ಕೋಡ್ ತಂದು ನಿಮ್ಮ ಮಷೀನಲ್ಲೇ ಕಟ್ಟಕ್ಕೆ ಹೊರಟಿದೆ, ಕಂಪೈಲರ್ ಇಲ್ಲ, ಬಿತ್ತು. ಆ ಕೆಂಪಕ್ಷರ ಓದಿ ಫೋರ್ಟ್ರಾನ್ ಕಂಪೈಲರ್ ಹುಡುಕಕ್ಕೆ ಹೋಗಬೇಡಿ ಮಾರಾಯ್ರೆ, ಎರಡು ದಿನ ಹೋಗ್ತದೆ. ಮೊದಲು "--ಓನ್ಲಿ-ಬೈನರಿ=:ಆಲ್:" ಸೇರಿಸಿ ಮತ್ತೆ ಹೊಡೀರಿ. ಆಗ ಪಿಪ್ ಕಟ್ಟೋ ಗೋಜಿಗೆ ಹೋಗದೆ, ವೀಲ್ ಇದ್ರೆ ಹಾಕ್ತದೆ, ಇಲ್ಲದಿದ್ರೆ ಒಂದೇ ಸಾಲಲ್ಲಿ ಇಲ್ಲ ಅಂತದೆ.

ಎಂತಕ್ಕೆ ಸಿಗಲಿಲ್ಲ ಅಂತ ತಿಳಿಯೂದು ವೀಲಿನ ಹೆಸರು ಓದಿ. ಹೆಸರಲ್ಲಿ ಅಡ್ಡಗೀಟಿನ ಮಧ್ಯೆ ಐದು ತುಂಡು: ಪ್ಯಾಕೇಜ್, ವರ್ಶನ್, ಪೈಥಾನ್, ಎಬಿಐ (ಒಳಗಿನ ಬೈನರಿ ಅಳತೆ), ಪ್ಲಾಟ್‌ಫಾರ್ಮ್. ಪೈಥಾನ್, ಎಬಿಐ ಎರಡೂ ತುಂಡಲ್ಲಿ ಸಿಪಿ312 ಅಂತಿದ್ರೆ ಪೈಥಾನ್ 3.12ಕ್ಕೆ ಮಾತ್ರ, 3.11ಕ್ಕೂ ಅಲ್ಲ 3.13ಕ್ಕೂ ಅಲ್ಲ. ಕೊನೇ ತುಂಡಲ್ಲಿ ವಿನ್_ಎಎಮ್‌ಡಿ64 ಅಂತಿದ್ರೆ 64 ಬಿಟ್ ವಿಂಡೋಸ್ (ಇಂಟೆಲ್ ಪ್ರೊಸೆಸರ್ ಇದ್ರೂ ಅದೇ ಹೆಸರು, ಹೆದರಬೇಡಿ). ಮೆನಿಲಿನಕ್ಸ್_2_28 ಅಂತಿದ್ರೆ ನಿಮ್ಮ ಲಿನಕ್ಸಿನ ಜಿಲಿಬ್‌ಸಿ (ಪ್ರೋಗ್ರಾಮುಗಳು ನಿಂತಿರೋ ಮೂಲ ಸಿ ಲೈಬ್ರರಿ) 2.28 ಅಥವಾ ಅದಕ್ಕಿಂತ ಹೊಸದಿರಬೇಕು. "ಎಲ್‌ಡಿಡಿ --ವರ್ಶನ್" ಹೊಡೆದ್ರೆ ನಿಮ್ಮದೆಷ್ಟು ಅಂತ ತೋರಿಸ್ತದೆ. ನಮ್ಮ ಹಳೇ ಸರ್ವರಲ್ಲಿ ಉಬುಂಟು 18.04 ಇತ್ತು, ಅದರ ಜಿಲಿಬ್‌ಸಿ 2.27. ಒಂದೇ ಒಂದು ನಂಬರಲ್ಲಿ ತಪ್ಪಿ ಹೋಯ್ತು, ಬಸ್ ಬಾಗಿಲ ಹತ್ರ ಓಡಿ ಹೋಗುವಾಗ ರೈಟ್ ಅಂದ ಹಾಗೆ. ಡಾಕರಲ್ಲಿ ಆಲ್ಪೈನ್ (ಬೇರೆ ಸಿ ಲೈಬ್ರರಿ ಇರೋ ಸಣ್ಣ ಲಿನಕ್ಸ್) ಬಳಸೋರಿಗೆ ಮೆನಿಲಿನಕ್ಸ್ ವೀಲ್ ಯಾವುದೂ ಆಗೂದಿಲ್ಲ, ಮಸ್ಲ್‌ಲಿನಕ್ಸ್ ಅಂತ ಬೇರೆಯೇ ಬೇಕು.

ನಿಮ್ಮ ಪೈಥಾನ್ ಯಾವ್ಯಾವ ಹೆಸರನ್ನ ಒಪ್ತದೆ ಅಂತ ಪೂರ್ತಿ ಪಟ್ಟಿ ಬೇಕಂದ್ರೆ "ಪೈಥಾನ್ -ಎಮ್ ಪಿಪ್ ಡೀಬಗ್ --ವರ್ಬೋಸ್". ವೀಲಿನ ಬಾಲ ಆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಅದು ನಿಮ್ಮದಲ್ಲ, ಹೆಸರು ಬದಲಿಸಿ ನುಗ್ಗಿಸೋ ಸಾಹಸ ಬೇಡ.

ನಾನು ಹೆಚ್ಚಾಗಿ ನೋಡೋ ಕಾರಣಗಳು ಹೀಗೆ. ಪಿಪ್ಪೇ ಹಳೇದು: ಮೆನಿಲಿನಕ್ಸ್2014 ಅರ್ಥ ಆಗೋಕೆ ಪಿಪ್ 19.3 ಬೇಕು, ಮೆನಿಲಿನಕ್ಸ್_2_28 ತರದ ಹೊಸ ಹೆಸರಿಗೆ 20.3 ಬೇಕು, ಅಪ್ಗ್ರೇಡ್ ಮಾಡಿದ್ರೆ ಮುಗೀತು, ಕಾಸಿಲ್ಲದ ಮದ್ದು. ಎರಡನೇದು, ಪೈಥಾನ್ ಹೊಸದು, ಕೇಳ್ತಿರೋ ಪ್ಯಾಕೇಜ್ ಹಳೇದು: ಯಾವುದೋ ಹಳೇ ಪ್ರಾಜೆಕ್ಟಿನ ಪಟ್ಟಿಯಲ್ಲಿ ನಂಪೈ 1.19.5 ಅಂತ ಬರೆದಿರ್ತದೆ, ಮಷೀನಲ್ಲಿ ಪೈಥಾನ್ 3.12 ಇರ್ತದೆ, 3.12ಕ್ಕೆ ವೀಲ್ ಬಂದಿದ್ದೇ ನಂಪೈ 1.26ರಿಂದ. ಇದರ ಉಲ್ಟಾನೂ ಉಂಟು, ಪೈಥಾನ್ 3.8ಕ್ಕೆ ನಂಪೈ 1.24 ಕೊನೇದು, 3.9ಕ್ಕೆ 2.0 ಕೊನೇದು. ಲ್ಯಾಬಲ್ಲಿ ನಾನು ಹೊಸ ಪೈಥಾನ್ ಬಿಡುಗಡೆ ಆದ ತಕ್ಷಣ ಹಾಕೂದಿಲ್ಲ, ಪ್ರತಿ ಅಕ್ಟೋಬರಲ್ಲಿ ಒಂದು ಬರ್ತದೆ, ಬರಲಿ, ಮುಂದಿನ ಸಂಕ್ರಾಂತಿ ಕಳೀಲಿ ಅಂತ ಕೂರ್ತೇನೆ. ಅಷ್ಟರಲ್ಲಿ ದೊಡ್ಡ ಪ್ಯಾಕೇಜೆಲ್ಲ ವೀಲ್ ಕೊಟ್ಟಿರ್ತವೆ.

ಭಾವನದ್ದು ಮೂರನೇ ಕಾರಣ. ಪೈಥಾನ್ ತೆಗೆದಾಗ ಮೊದಲ ಸಾಲಲ್ಲಿ ಎಂತ ಬಂತು ಓದು ಅಂದೆ. "32 ಬಿಟ್, ಇಂಟೆಲ್ ಅಂತ ಇದ್ದು" ಅಂದ. ಲ್ಯಾಪ್‌ಟಾಪ್ 64 ಬಿಟ್, ವಿಂಡೋಸ್ 64 ಬಿಟ್, ಪೈಥಾನ್ ಮಾತ್ರ ಯಾವ ಕಾಲದ್ದೋ 32 ಬಿಟ್. ಈಗಿನ ಸೈಪೈ 32 ಬಿಟ್ ವಿಂಡೋಸಿಗೆ ವೀಲ್ ಕೊಡೂದಿಲ್ಲ. 64 ಬಿಟ್ ಪೈಥಾನ್ ಹಾಕಿದ ಮೇಲೆ ಎರಡು ನಿಮಿಷದಲ್ಲಿ ಆಯ್ತು.

ಇಷ್ಟೆಲ್ಲ ನೋಡಿಯೂ ನಿಮ್ಮ ಮಷೀನಿಗೆ ವೀಲೇ ಇಲ್ಲ ಅಂತ ಖಾತ್ರಿ ಆದ್ರೆ ಅಲ್ಲಿಗೆ ನಿಲ್ಲಿಸಿ, ಕಾಂಡಾ-ಫೋರ್ಜಲ್ಲಿ (ಪಿಪ್ ತರದ್ದೇ ಕಾಂಡಾ ಅನ್ನೋ ಇನ್ನೊಂದು ಪ್ರೋಗ್ರಾಮಿನ ಪ್ಯಾಕೇಜ್ ಭಂಡಾರ) ಇದ್ಯಾ ನೋಡಿ ಅಥವಾ ಬೇರೆ ವರ್ಶನ್ ಪೈಥಾನ್ ಹಾಕಿ. ಸೋರ್ಸಿಂದ ಸೈಪೈ ಕಟ್ಟೋದು ಮೊದಲ ದಿನದ ಕೆಲಸ ಅಲ್ಲ.

ಡೌನ್‌ಲೋಡ್ ಅರ್ಧಕ್ಕೆ ನಿಲ್ತದೆ, ಇಲ್ಲ ಹ್ಯಾಶ್ ಹೊಂದೂದಿಲ್ಲ ಅಂತದೆ

ಜೂನಿಂದ ಸೆಪ್ಟೆಂಬರ್ ತನಕ ಈ ಜಿಲ್ಲೆಯಲ್ಲಿ ಇದೂ ಒಂದು ಋತುಮಾನದ ಕಾಯಿಲೆ. ಮರ ಬಿದ್ದು ಕರೆಂಟ್ ಹೋಗ್ತದೆ, ಟವರ್ ಬ್ಯಾಟರಿ ಮುಗೀತದೆ, ಸೈಪೈ ಫೈಲು ಹತ್ತಾರು ಎಂಬಿ, ಮುಗಿಯೋದ್ರೊಳಗೆ ನೆಟ್ ಎದ್ದು ಹೋಗ್ತದೆ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು, ಫೈಲಿನ ಒಂದು ಬಿಟ್ ಬದಲಾದ್ರೂ ಅದು ಬೇರೆಯೇ ಆಗ್ತದೆ. ಮೊದಲ ಸಲ ಹೊಂದಲಿಲ್ಲ ಅಂದ್ರೆ "ಪಿಪ್ ಕ್ಯಾಶ್ ಪರ್ಜ್" ಮಾಡಿ ಮತ್ತೆ ತರಿಸಿ. ಬೇರೆ ನೆಟ್ಟಲ್ಲೂ ಮತ್ತೆ ಅದೇ ಬಂದ್ರೆ ನಿಲ್ಲಿಸಿ. ಹ್ಯಾಶ್ ಸಾಲನ್ನ ಪಟ್ಟಿಯಿಂದ ಕಿತ್ತು ಹಾಕಿ ಮುಂದೆ ಹೋಗೂದು ಅಂದ್ರೆ ಸೀಲ್ ಒಡೆದ ಔಷಧಿ ಬಾಟ್ಲಿಯನ್ನ ಪರವಾಗಿಲ್ಲ ಅಂತ ಕುಡಿದ ಹಾಗೆ.

ಘಟ್ಟದ ಮೇಲಿನ ಹಳ್ಳಿಯವರಿಗೆ ನಾನು ಮಾಡಿಕೊಡೋದು ಹೀಗೆ. ಕಾರವಾರದಲ್ಲಿ ನೆಟ್ ಚೆನ್ನಾಗಿದ್ದಾಗ "ಪಿಪ್ ಡೌನ್‌ಲೋಡ್ ಸೈಪೈ --ಓನ್ಲಿ-ಬೈನರಿ=:ಆಲ್: --ಪ್ಲಾಟ್‌ಫಾರ್ಮ್ ವಿನ್_ಎಎಮ್‌ಡಿ64 --ಪೈಥಾನ್-ವರ್ಶನ್ 3.12" ಅಂತ ಕೊಟ್ರೆ ನನ್ನದು ಲಿನಕ್ಸ್ ಆದ್ರೂ ಅವರ ವಿಂಡೋಸಿಗೆ ಬೇಕಾದ ವೀಲ್, ಜೊತೆಗೆ ಅದಕ್ಕೆ ಬೇಕಾದ ನಂಪೈ ಎರಡೂ ಬರ್ತದೆ. ಪೆನ್‌ಡ್ರೈವಿಗೆ ಹಾಕಿ ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತಿಸಿದ್ರೆ ಆಯ್ತು, ಅಲ್ಲಿ "ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್" ಅಂತ ಪೆನ್‌ಡ್ರೈವ್ ಫೋಲ್ಡರ್ ತೋರಿಸಿ ಸೈಪೈ ಅಂದ್ರೆ ನೆಟ್ಟೇ ಬೇಡ. ಕಳಿಸೋ ಮುಂಚೆ "ಪಿಪ್ ಹ್ಯಾಶ್" ಹೊಡೆದು ಬಂದ ಸಾಲನ್ನ ಫೋನಲ್ಲಿ ಕಳಿಸ್ತೇನೆ, ಅಲ್ಲಿ ಅವರೂ ಹೊಡೆದು ತಾಳೆ ನೋಡ್ತಾರೆ. ಪೆನ್‌ಡ್ರೈವ್ ನಂಬೂ ವಸ್ತು ಅಲ್ಲ.

ಇನ್‌ಸ್ಟಾಲ್ ಆಯ್ತು, ಇಂಪೋರ್ಟ್ ಮಾಡಿದ್ರೆ ಡಿಎಲ್‌ಎಲ್ ಲೋಡ್ ಫೇಲ್ಡ್

ವೀಲ್ ಒಳಗಿನ ಬೈನರಿಗೆ ಬೇಕಾದ ಇನ್ನೊಂದು ಲೈಬ್ರರಿ ಸಿಗಲಿಲ್ಲ ಅಂತ ಅರ್ಥ. ವಿಂಡೋಸಲ್ಲಿ ಮೊದಲು ನೋಡಬೇಕಾದ್ದು ಮೈಕ್ರೋಸಾಫ್ಟಿನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟೆಬಲ್, ಮೈಕ್ರೋಸಾಫ್ಟ್ ಸೈಟಿಂದಲೇ ಹಾಕಿ. "ಡಿಎಲ್‌ಎಲ್ ಫ್ರೀ ಡೌನ್‌ಲೋಡ್" ಸೈಟಿಂದ ಒಂದೇ ಒಂದು ಫೈಲ್ ತಂದು ಸಿಸ್ಟಮ್ ಫೋಲ್ಡರಿಗೆ ಹಾಕೋ ಚಾಳಿ ಇದ್ರೆ ಇವತ್ತೇ ಬಿಡಿ, ವೈರಸ್ ಕರೆದು ಕೂರಿಸಿದ ಹಾಗೆ. ಎರಡನೇದು ಆಂಟಿವೈರಸ್ ಆ ಫೈಲನ್ನ ನುಂಗಿರಬಹುದು, ಅದರ ಕ್ವಾರಂಟೈನ್ ಪಟ್ಟಿ ನೋಡಿ.

ರಾಸ್ಪ್‌ಬೆರಿ ಪೈ ಇಟ್ಕೊಂಡು ಹವಾಮಾನ ಅಳೆಯೋ ಹುಡುಗ್ರಿಗೆ "ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಕ್ಕಾಗಲಿಲ್ಲ" ಅಂತ ಬರ್ತದೆ, 32 ಬಿಟ್ ಪೈಗೆ ಬರೋ ವೀಲುಗಳು ಬ್ಲಾಸ್ ಲೈಬ್ರರಿಯನ್ನ (ಮ್ಯಾಟ್ರಿಕ್ಸ್ ಲೆಕ್ಕ ಮಾಡೋದು) ಹೊಟ್ಟೆಯೊಳಗೆ ಇಟ್ಕೊಂಡಿರೂದಿಲ್ಲ, ಸಿಸ್ಟಮ್ಮಿಂದ ಕೇಳ್ತವೆ. ಎರರಲ್ಲಿ ಬಂದ ಹೆಸರಿನ ಲೈಬ್ರರಿಯನ್ನ ಏಪಿಟಿಯಲ್ಲಿ (ಸಿಸ್ಟಮ್ಮಿನ ಪ್ಯಾಕೇಜ್ ಹಾಕೋ ಕಮಾಂಡು) ಹಾಕಿದ್ರೆ ಸರಿ. ಎಂ1 ಮತ್ತು ಅದರ ಮುಂದಿನ ಮ್ಯಾಕ್ ಇದ್ದೋರಿಗೆ "ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್" ಅಂತ ಬಂದ್ರೆ ಹಳೇ ಇಂಟೆಲ್ ಪೈಥಾನ್ ಎಲ್ಲೋ ಉಳ್ಕೊಂಡಿದೆ.

"ಡಿಟೈಪ್ ಸೈಜ್ ಚೇಂಜ್ಡ್", ಇಲ್ಲ "ನಂಪೈ 1.ಎಕ್ಸಲ್ಲಿ ಕಂಪೈಲ್ ಆದ ಮಾಡ್ಯೂಲ್ 2ರಲ್ಲಿ ಓಡೂದಿಲ್ಲ"

2024ರ ಜೂನಲ್ಲಿ ನಂಪೈ 2.0 ಬಂತು, ಒಳಗಿನ ಬೈನರಿ ಅಳತೆ (ಎಬಿಐ ಅನ್ನೋದು ಅದಕ್ಕೇ) ಬದಲಾಯ್ತು. ನಂಪೈ ಮೇಲೆ ಕಟ್ಟಿದ ಬೇರೆ ಪ್ಯಾಕೇಜುಗಳ ಹಳೇ ವೀಲ್ ಎಲ್ಲ ಹಳೇ ಅಳತೆಗೇ ಕೊಯ್ದಿಟ್ಟವು. ಇಲ್ಲಿ ನಂಪೈ ಕೆಟ್ಟಿಲ್ಲ, ಜೊತೆಗಿರೋದು ಹಳೇದು. "ಪಿಪ್ ಚೆಕ್" ಹೊಡೀರಿ, ಟ್ರೇಸ್‌ಬ್ಯಾಕಲ್ಲಿ (ಎರರ್ ಜೊತೆ ಬರೋ ಸಾಲುಗಳ ಪಟ್ಟಿ) ಕೆಳಗಿಂದ ಮೇಲೆ ಓದ್ತಾ ಹೋಗಿ ಯಾವ ಪ್ಯಾಕೇಜ್ ಹೆಸರು ಬರ್ತದೆ ಅದನ್ನ ಅಪ್ಗ್ರೇಡ್ ಮಾಡಿ. ಅದು ಅಪ್ಗ್ರೇಡೇ ಇಲ್ಲದೆ ಬಿಟ್ಟುಹೋದ ಪ್ಯಾಕೇಜ್ ಆದ್ರೆ ಆ ಒಂದು ಪ್ರಾಜೆಕ್ಟಿನ ಎನ್ವಿರಾನ್ಮೆಂಟಲ್ಲಿ ಮಾತ್ರ ನಂಪೈಯನ್ನ 2ಕ್ಕಿಂತ ಕೆಳಗೆ ಕಟ್ಟಿಹಾಕಿ.

ಒಂದು ಮಾತೂ ಆಡದೆ ಪೈಥಾನ್ ಸತ್ತು ಬೀಳ್ತದೆ

ಇದು ಸ್ವಲ್ಪ ಕಷ್ಟದ್ದು, ಇಲ್ಲಿ ಅವಸರ ಬೇಡ. ಎರರ್ ಇಲ್ಲ, ಟ್ರೇಸ್‌ಬ್ಯಾಕ್ ಇಲ್ಲ, ಪ್ರಾಂಪ್ಟ್ ವಾಪಸ್. ಸತ್ತ ತಕ್ಷಣ ಎಕ್ಸಿಟ್ ಕೋಡ್ ಕೇಳಿ, ಲಿನಕ್ಸಲ್ಲಿ "ಎಕೋ $?", ವಿಂಡೋಸಲ್ಲಿ "ಎಕೋ %ಎರರ್‌ಲೆವೆಲ್%". ಹೆಣದ ಜೇಬಲ್ಲಿ ಸಿಕ್ಕ ಚೀಟಿ ಇದು.

ಲಿನಕ್ಸಲ್ಲಿ 132, ವಿಂಡೋಸಲ್ಲಿ -1073741795 ಅಂದ್ರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್: ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆಯನ್ನ ಬೈನರಿ ಕೊಟ್ಟಿದೆ. ಎವಿಎಕ್ಸ್ ಅನ್ನೋ ಆಜ್ಞೆಗಳ ಗುಂಪು 2011ರಿಂದ ಇಂಟೆಲ್ ಪ್ರೊಸೆಸರಲ್ಲಿ ಬಂತು, ಆದ್ರೆ ಅಗ್ಗದ ಪೆಂಟಿಯಮ್, ಸೆಲೆರಾನ್‌ಗಳಲ್ಲಿ ಆಮೇಲೂ ಎಷ್ಟೋ ವರ್ಷ ಇರಲಿಲ್ಲ, ಶಾಲೆ ಕಾಲೇಜಿಗೆ ಟೆಂಡರಲ್ಲಿ ಬಂದಿದ್ದು ಅವೇ ತಾನೆ. ನಂಪೈ ಓಡುವಾಗಲೇ ಪ್ರೊಸೆಸರ್ ನೋಡಿ ಹೊಂದಿಕೊಳ್ತದೆ, ಟೆನ್ಸರ್‌ಫ್ಲೋ (ಮಷೀನ್ ಲರ್ನಿಂಗ್ ಪ್ಯಾಕೇಜು) ಹಾಗಲ್ಲ, ಅದರ ರೆಡಿ ಬೈನರಿ 1.6 ವರ್ಶನ್ನಿಂದ ಎವಿಎಕ್ಸ್ ಇಲ್ಲದಿದ್ರೆ ಸಾಯ್ತದೆ. "ಎಲ್‌ಎಸ್‌ಸಿಪಿಯು" ಹೊಡೆದು ಫ್ಲ್ಯಾಗ್ಸ್ ಸಾಲಲ್ಲಿ ಎವಿಎಕ್ಸ್ ಇದ್ಯಾ ಹುಡುಕಿ. ವರ್ಚುವಲ್ ಮಷೀನ್ ಒಳಗೆ ಇದ್ರೆ ಪ್ರೊಸೆಸರಲ್ಲಿದ್ರೂ ಒಳಗೆ ಕಾಣದೇ ಇರಬಹುದು. ಸಾಯೋದು ಓಪನ್‌ಬ್ಲಾಸ್ (ವೀಲ್ ಒಳಗೆ ಬರೋ ಬ್ಲಾಸ್) ಒಳಗೆ ಅಂತ ಅನುಮಾನ ಇದ್ರೆ "ಓಪನ್‌ಬ್ಲಾಸ್_ಕೋರ್‌ಟೈಪ್" ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ ನೆಹೆಲಮ್ (ಎವಿಎಕ್ಸ್ ಇಲ್ಲದ ಹಳೇ ಇಂಟೆಲ್ ಪ್ರೊಸೆಸರ್) ಅಂತ ಕೊಟ್ಟು ಓಡಿಸಿ ನೋಡಿ (ವೇರಿಯಬಲ್ ಹೆಸರಷ್ಟು ದೊಡ್ಡಕ್ಷರದಲ್ಲಿ), ಓಡಿದ್ರೆ ಅನುಮಾನ ನಿಜ.

137 ಅಂದ್ರೆ ಬಲವಂತದಿಂದ ಕೊಂದದ್ದು, ಸಾಮಾನ್ಯವಾಗಿ ಮೆಮೊರಿ ಸಾಲದೆ ಲಿನಕ್ಸೇ ಕೊಂದಿರ್ತದೆ. ಪ್ಯಾಕೇಜಿನ ತಪ್ಪಿಲ್ಲ, ನಿಮ್ಮ ಅರೇ ದೊಡ್ಡದು.

139, ಇಲ್ಲ ವಿಂಡೋಸಲ್ಲಿ -1073741819 ಅಂದ್ರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದು. "ಪೈಥಾನ್ -ಎಕ್ಸ್ ಫಾಲ್ಟ್‌ಹ್ಯಾಂಡ್ಲರ್" ಅಂತ ಸೇರಿಸಿ ಓಡಿಸಿ (ಎಕ್ಸ್ ದೊಡ್ಡಕ್ಷರ), ಸಾಯೋ ಮುಂಚೆ ಯಾವ ಸಾಲಲ್ಲಿದ್ದೆ ಅಂತ ಹೇಳಿ ಸಾಯ್ತದೆ. ಮೂರು ಸಲ ಓಡಿಸಿ. ಮೂರೂ ಸಲ ಒಂದೇ ಸಾಲಲ್ಲಿ ಸತ್ರೆ ಸಾಫ್ಟ್‌ವೇರ್. ಒಂದೊಂದು ಸಲ ಒಂದೊಂದು ಕಡೆ ಸತ್ರೆ ಹಾರ್ಡ್‌ವೇರ್ ಕಡೆ ತಿರುಗಿ.

ಕಾರವಾರದಲ್ಲಿ ಇದನ್ನ ಹೇಳಲೇಬೇಕು. ನಮ್ಮ ಲ್ಯಾಬಿನ ಕಿಟಕಿ ಸಮುದ್ರದ ಕಡೆ. ಹತ್ತನೇ ನಂಬರ್ ಮಷೀನಲ್ಲಿ ಸೈಪೈ ಟೆಸ್ಟ್ ಒಂದು ಸಲ ಪಾಸು, ಇನ್ನೊಂದು ಸಲ ಅರ್ಧದಲ್ಲಿ ಸಾವು. ನಾನು ವಾರಗಟ್ಟಲೆ ವೀಲ್ ಬದಲಾಯಿಸಿದೆ, ಪೈಥಾನ್ ಬದಲಾಯಿಸಿದೆ. ಕೊನೆಗೆ ಕ್ಯಾಬಿನೆಟ್ ಬಿಚ್ಚಿ ರ್‍ಯಾಮ್ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದ್ರೆ ಆ ಬಂಗಾರದ ಬಣ್ಣದ ಹಲ್ಲುಗಳಲ್ಲಿ ನಾಲ್ಕೈದು ಮಂಕಾಗಿ ಹಸಿರು ಕಟ್ಟಿದ್ವು, ಉಪ್ಪು ಗಾಳಿ. ಮೆದು ರಬ್ಬರಿಂದ ಹಗುರಕ್ಕೆ ಒರೆಸಿ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಒಣಗಿಸಿ ವಾಪಸ್ ಹಾಕಿದೆ, ಮೆಮ್‌ಟೆಸ್ಟ್86+ (ಮೆಮೊರಿ ಪರೀಕ್ಷಿಸೋ ಪ್ರೋಗ್ರಾಮು) ರಾತ್ರಿಯಿಡೀ ಓಡಿಸಿದೆ, ಒಂದೂ ಎರರ್ ಇಲ್ಲ, ಸೈಪೈನೂ ಸುಮ್ಮನಾಯ್ತು. ನೀವು ಮಾಡೋದಾದ್ರೆ ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಬಿಟ್ಟು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಒಣಗಿದ ಕೈಯಲ್ಲಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬಿ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯೋ ಅಷ್ಟು ಕರೆಂಟ್ ಕೂತಿರ್ತದೆ. ಮೆಮ್‌ಟೆಸ್ಟಲ್ಲಿ ಒಂದೇ ಒಂದು ಎರರ್ ಬಂದ್ರೂ ಅಲ್ಲಿಗೆ ನಿಲ್ಲಿಸಿ, ರಿಪೇರಿಯವರನ್ನ ಕರೀರಿ, ಆ ಮಷೀನಲ್ಲಿ ತೆಗೆದ ರಿಸಲ್ಟ್ ಯಾವುದನ್ನೂ ನಂಬಬೇಡಿ.

"ಓಎಂಪಿ ಎರರ್ #15" ಅಂತ ಬಂದು ನಿಲ್ತದೆ

ಒಂದೇ ಪ್ರೋಗ್ರಾಮಲ್ಲಿ ಇಂಟೆಲ್ ಓಪನ್‌ಎಂಪಿ ಲೈಬ್ರರಿ (ಕೆಲಸವನ್ನ ಪ್ರೊಸೆಸರ್ ಕೋರುಗಳಿಗೆ ಹಂಚೋದು) ಎರಡು ಸಲ ಲೋಡ್ ಆಗಿದೆ. ಪಿಪ್ಪಿನದೂ ಕಾಂಡಾದ್ದೂ ಒಂದೇ ಎನ್ವಿರಾನ್ಮೆಂಟಲ್ಲಿ ಕಲಸಿದೋರಿಗೆ ಹೆಚ್ಚು. ನೆಟ್ಟಲ್ಲಿ ಹುಡುಕಿದ್ರೆ ಮೊದಲು ಸಿಗೋ ಉತ್ತರ "ಕೆಎಂಪಿ_ಡುಪ್ಲಿಕೇಟ್_ಲಿಬ್_ಓಕೆ" ಅನ್ನೋದನ್ನ ಟ್ರೂ ಮಾಡಿ ಅಂತ. ಆ ಎರರ್ ಮೆಸೇಜನ್ನೇ ಪೂರ್ತಿ ಓದಿ, ಇದು ಅಸುರಕ್ಷಿತ, ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು ಅಂತ ಅದರಲ್ಲೇ ಬರೆದಿದೆ. ಒಂದು ಕಾಲದಲ್ಲಿ ಲ್ಯಾಬಿನ ಎಲ್ಲ ಮಷೀನಿಗೂ ಅದನ್ನ ಹಾಕಿಟ್ಟ ಮಹಾನುಭಾವ ನಾನೇ, ತೆಗೆಯೋಕೆ ಒಂದು ಇಡೀ ರಜೆ ಹೋಯ್ತು. ಹೊಸ ಎನ್ವಿರಾನ್ಮೆಂಟ್ ಮಾಡಿ, ಎಲ್ಲ ಒಂದೇ ಕಡೆಯಿಂದ ಹಾಕಿ.

ಫ್ಯಾನ್ ಹೆಲಿಕಾಪ್ಟರ್ ತರ ಕೂಗ್ತದೆ, ಕೆಲಸ ಮಾತ್ರ ಮುಂದೆ ಹೋಗೂದಿಲ್ಲ

ನಿಮ್ಮ ಪ್ರೋಗ್ರಾಮ್ ಎಂಟು ಪ್ರೊಸೆಸ್ ಎಬ್ಬಿಸಿದೆ, ಒಂದೊಂದರೊಳಗೂ ಓಪನ್‌ಬ್ಲಾಸ್ ಎಂಟೆಂಟು ಥ್ರೆಡ್ (ಒಟ್ಟಿಗೇ ಓಡೋ ಕೆಲಸದ ಎಳೆ) ಎಬ್ಬಿಸಿದೆ, ಎಲ್ಲ ಒಂದೇ ಪ್ರೊಸೆಸರಿಗೆ ಕಿತ್ತಾಡ್ತವೆ. "ಓಪನ್‌ಬ್ಲಾಸ್_ನಂ_ಥ್ರೆಡ್ಸ್" 1 ಮಾಡಿ ಓಡಿಸಿ, ಇದೂ ದೊಡ್ಡಕ್ಷರವೇ. ವೇಗ ಹೆಚ್ಚಾದ್ರೆ ಕಾರಣ ಅದೇ.

ಇಂಪೋರ್ಟ್ ಆಗ್ತದೆ. ಆದ್ರೆ ನಂಬಬಹುದಾ?

ಇಲ್ಲಿ ತನಕ ಬಂದೋರು ಹೆಚ್ಚಿನವರು ನಿಲ್ತಾರೆ, ನಿಲ್ಲಬಾರದು. ಇಂಪೋರ್ಟ್ ಆಯ್ತು ಅಂದ್ರೆ ಬಾಗಿಲು ತೆಗೀತು ಅಷ್ಟೇ, ಒಳಗೆ ಸೂರು ಸೋರ್ತದಾ ನೋಡಬೇಕಲ್ಲ. ಅದಕ್ಕೆ ಟೆಸ್ಟ್ ವೀಲ್ ಒಳಗೇ ಇಟ್ಟು ಕೊಟ್ಟಿದಾರೆ. "ಪಿಪ್ ಇನ್‌ಸ್ಟಾಲ್ ಪೈಟೆಸ್ಟ್ ಹೈಪಾಥಿಸಿಸ್" ಮಾಡಿ, ಪೈಥಾನ್ ಒಳಗೆ "ಇಂಪೋರ್ಟ್ ನಂಪೈ" ಆಮೇಲೆ "ನಂಪೈ.ಟೆಸ್ಟ್()". ಸೈಪೈಗೂ ಹಾಗೇ. ಸಾವಿರಾರು ಟೆಸ್ಟ್ ಇರ್ತವೆ, ಸೈಪೈಗೆ ಹಳೇ ಮಷೀನಲ್ಲಿ ಚಾ ಕುಡಿದು ಬರೋ ಅಷ್ಟು ಹೊತ್ತು ಬೇಕು, ಯುಪಿಎಸ್ ಮೇಲೆ ಇದ್ರೆ ಒಳ್ಳೇದು.

ಸ್ಕ್ರೀನಲ್ಲಿ ಚುಕ್ಕೆ ಚುಕ್ಕೆ ಸಾಲು ಹೋಗ್ತದೆ, ಅಕ್ಕಿ ಹರಡಿದ ಹಾಗೆ. ಚುಕ್ಕೆ ಅಂದ್ರೆ ಪಾಸು. ಮಧ್ಯೆ ಸಣ್ಣ "ಎಸ್" ಬಂದ್ರೆ ಬಿಟ್ಟದ್ದು, ಆ ಟೆಸ್ಟ್ ನಿಮ್ಮ ಮಷೀನಿಗೆ ಅಲ್ಲ, ಚಿಂತೆ ಇಲ್ಲ. ಸಣ್ಣ "ಎಕ್ಸ್" ಅಂದ್ರೆ ಬೀಳ್ತದೆ ಅಂತ ಬರೆದೋರಿಗೇ ಗೊತ್ತಿದ್ದು ಬಿದ್ದದ್ದು, ಅದಕ್ಕೂ ಚಿಂತೆ ಇಲ್ಲ. ಕಲ್ಲು ಅಂದ್ರೆ ದೊಡ್ಡ "ಎಫ್" ಮತ್ತು ದೊಡ್ಡ "ಇ". ಕೊನೆಗೆ ಟ್ರೂ ಅಂತ ಬಂದ್ರೆ ಎದ್ದು ಹೋಗಿ.

"ಎಫ್" ಬಂದ್ರೂ ಕೂಡಲೇ ಗಾಬರಿ ಬೇಡ, ವಿವರ ಓದಿ. "ಮ್ಯಾಕ್ಸ್ ರಿಲೇಟಿವ್ ಡಿಫರೆನ್ಸ್" ಅಂತ ಒಂದು ಸಾಲು ಇರ್ತದೆ. ಡಬಲ್ ಲೆಕ್ಕದಲ್ಲಿ ಒಂದು ಅಂಕಿಗೂ ಪಕ್ಕದ ಅಂಕಿಗೂ ಇರೋ ಸಾಪೇಕ್ಷ ಅಂತರವೇ ಸುಮಾರು 2.2 × 10⁻¹⁶. ಟೆಸ್ಟ್ 10⁻¹³ ತನಕ ಒಪ್ತೇನೆ ಅಂದಿತ್ತು, ನಿಮ್ಮದು 3 × 10⁻¹³ ಬಂತು ಅಂದ್ರೆ ಅದು ಪ್ರೊಸೆಸರ್ ಕೂಡಿಸಿದ ಕ್ರಮದ ವ್ಯತ್ಯಾಸ ಇರಬಹುದು, ಬರೆದಿಟ್ಟು ಮುಂದೆ ಹೋಗಿ. ಆ ಜಾಗದಲ್ಲಿ 0.4 ಅಂತಲೋ ನ್ಯಾನ್ (ಅಂಕಿಯೇ ಅಲ್ಲ ಅಂತ ಅರ್ಥ) ಅಂತಲೋ ಬಂದ್ರೆ ಅಲ್ಲಿಗೆ ನಿಲ್ಲಿಸಿ, ಆ ಎನ್ವಿರಾನ್ಮೆಂಟಲ್ಲಿ ಕೆಲಸ ಮಾಡಬೇಡಿ.

ಮತ್ತೆ ಬಿದ್ದದ್ದು ಪ್ಯಾಕೇಜಿನ ತಪ್ಪೇ ಅಂತಲೂ ಅಲ್ಲ. 2020ರ ನವೆಂಬರಲ್ಲಿ ನಂಪೈ 1.19.4 ವಿಂಡೋಸ್ 10ರ 2004 ಅನ್ನೋ (ಇಸವಿ ಅಲ್ಲ, ವರ್ಶನ್ ನಂಬರ್) ಅಪ್ಡೇಟ್ ಇದ್ದ ಮಷೀನಲ್ಲಿ ಇಂಪೋರ್ಟೇ ಆಗ್ತಿರಲಿಲ್ಲ, ಸ್ಯಾನಿಟಿ ಚೆಕ್ ಬಿತ್ತು ಅಂತಿತ್ತು. ಎಲ್ರೂ ನಂಪೈಗೆ ಬೈದ್ರು. ತಪ್ಪಿದ್ದದ್ದು ವಿಂಡೋಸಿನ ಎಫ್‌ಮಾಡ್ ಅನ್ನೋ ಗಣಿತದ ಫಂಕ್ಷನಲ್ಲಿ, ಅದು ಪ್ರೊಸೆಸರಿನ ಫ್ಲೋಟಿಂಗ್ ಪಾಯಿಂಟ್ ಸ್ಥಿತಿಯನ್ನ ಕೆಡಿಸಿಟ್ಟು ಹೋಗ್ತಿತ್ತು, ಮುಂದಿನ ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ನ್ಯಾನ್ ಬರ್ತಿತ್ತು. ನಂಪೈ ಮಾಡಿದ್ದು ತಪ್ಪು ಉತ್ತರ ಕೊಡೋ ಬದಲು ಬಾಗಿಲಲ್ಲೇ ನಿಲ್ಲಿಸಿದ್ದು. ಮುಂದೆ ವಿಂಡೋಸ್ ಅಪ್ಡೇಟಲ್ಲಿ ಸರಿ ಆಯ್ತು.

ಟೆಸ್ಟ್ ಎಲ್ಲ ಪಾಸು, ಆದ್ರೂ ಎರಡು ಮಷೀನಲ್ಲಿ ಎರಡು ಉತ್ತರ

ಕೊನೇ ಒಂದೆರಡು ದಶಮಾಂಶ ಬೇರೆ ಬಂದ್ರೆ ಬಿಡಿ. ಐಗನ್‌ವೆಕ್ಟರ್ ಚಿಹ್ನೆ ಉಲ್ಟಾ ಬಂದ್ರೂ ಬಿಡಿ, ವೆಕ್ಟರನ್ನ ಮೈನಸ್ ಒಂದರಿಂದ ಗುಣಿಸಿದ್ರೂ ಅದು ಐಗನ್‌ವೆಕ್ಟರೇ, ಯಾವುದನ್ನ ಕೊಡ್ತದೆ ಅನ್ನೋದು ಬ್ಲಾಸ್ ಮೇಲೆ ಹೋಗ್ತದೆ. "ನಂಪೈ.ಶೋ_ಕಾನ್ಫಿಗ್()" ಎರಡೂ ಕಡೆ ಓಡಿಸಿ ನೋಡಿದ್ರೆ ಒಂದರಲ್ಲಿ ಓಪನ್‌ಬ್ಲಾಸ್ ಇನ್ನೊಂದರಲ್ಲಿ ಬೇರೆ ಇರ್ತದೆ.

ಬಿಡಬಾರದ್ದು ಇದು. ಅಂಕೋಲೆ ಕಡೆಯ ಒಬ್ಬಳು ಹುಡುಗಿ ಪ್ರಾಜೆಕ್ಟಿಗೆ ಬಂದರಿಗೆ ಬಂದ ಬಂಗಡೆ ಲೆಕ್ಕ ತಗೊಂಡಿದ್ಲು, ದೋಣಿವಾರು, ದಿನವಾರು, ತೂಕ ಎಲ್ಲ ಗ್ರಾಂನಲ್ಲಿ, ಪೂರ್ಣಾಂಕ. ಮನೆಯ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಒಟ್ಟು 2500000000 ಗ್ರಾಂ, ಅಂದ್ರೆ 2500 ಟನ್. ಲ್ಯಾಬಿನ ವಿಂಡೋಸಲ್ಲಿ ಅದೇ ಫೈಲು, ಅದೇ ಕೋಡು. "ಸರ್, ಮೀನಿನ ತೂಕ ಮೈನಸ್ ಬಂದಿದೆ" ಅಂತ ಬಂದ್ಲು. ನೋಡಿದ್ರೆ -1794967296. ಸಮುದ್ರವೇ ನಮಗೆ ಮೀನು ಸಾಲ ಕೊಟ್ಟ ಹಾಗೆ.

ನಂಪೈ 2.0ಕ್ಕಿಂತ ಮುಂಚೆ ವಿಂಡೋಸಲ್ಲಿ ಪೂರ್ಣಾಂಕದ ಡೀಫಾಲ್ಟ್ 32 ಬಿಟ್, 64 ಬಿಟ್ ಮಷೀನಾದ್ರೂ ಅಷ್ಟೇ. ಲಿನಕ್ಸಲ್ಲಿ 64. 32 ಬಿಟ್ಟಲ್ಲಿ ಹಿಡಿಯೋ ಗರಿಷ್ಠ 2147483647, ಅದು ದಾಟಿದ್ರೆ ಸದ್ದಿಲ್ಲದೆ ಸುತ್ತಿ ಮೈನಸ್ಸಿಗೆ ಬರ್ತದೆ. ಇದು ದೋಷವೇ ಅಲ್ಲ, ಹಾಗೇ ಇರಬೇಕು ಅಂತ ಇದ್ದದ್ದು, ಹಾಗಾಗಿ ಟೆಸ್ಟೂ ಹಿಡಿಯೂದಿಲ್ಲ. ಅವಳದ್ದು ಮೈನಸ್ ಬಂದಿದ್ದಕ್ಕೆ ಕಣ್ಣಿಗೆ ಬಿತ್ತು, ಮೀನು ಇನ್ನೂ ತುಂಬಾ ಜಾಸ್ತಿ ಇದ್ದಿದ್ರೆ ಸುತ್ತು ಹೊಡೆದು ಪ್ಲಸ್ಸೇ ಬಂದಿರ್ತಿತ್ತು. ನಿಮ್ಮ ಮಷೀನ್ ಯಾವ ಕಡೆ ಅಂತ ನೋಡಕ್ಕೆ "ನಂಪೈ.ಎರೇಂಜ್(100000).ಸಮ್()" ಹೊಡೀರಿ. 4999950000 ಬಂದ್ರೆ ಸರಿ, 704982704 ಬಂದ್ರೆ 32 ಬಿಟ್. ನಂಪೈ 2ಕ್ಕೆ ಹೋಗಿ, ಆಗದಿದ್ರೆ ಅರೇ ಮಾಡುವಾಗಲೇ ಡಿಟೈಪ್ (ಅಂಕಿಯ ಜಾತಿ) ಇಂಟ್64 ಅಂತ ಬರೀರಿ.

ಯಾರನ್ನಾದ್ರೂ ಕೇಳಬೇಕು ಅಂದ್ರೆ

"ಸೈಪೈ ಬರ್ತಿಲ್ಲ" ಅಂತ ಒಂದು ಸಾಲು, ಜೊತೆಗೆ ಫೋನಲ್ಲಿ ಓರೆಯಾಗಿ ತೆಗೆದ ಸ್ಕ್ರೀನಿನ ಫೋಟೋ ಕಳಿಸಬೇಡಿ, ಯಾರಿಗೂ ಎಂತ ಹೇಳಕ್ಕೂ ಬರೂದಿಲ್ಲ. ಯಾವ ಓಎಸ್, ಪೈಥಾನ್ ತೆಗೆದಾಗ ಬರೋ ಮೊದಲ ಸಾಲು, "ಪಿಪ್ ಫ್ರೀಜ್" ಪಟ್ಟಿ, "ನಂಪೈ.ಶೋ_ರನ್‌ಟೈಮ್()" ಕೊಟ್ಟದ್ದು, ಎರರ್ ಮೊದಲ ಅಕ್ಷರದಿಂದ ಕೊನೇ ತನಕ ಟೆಕ್ಸ್ಟಲ್ಲಿ, ಇನ್ನು ಖಾಲಿ ವೆನ್ವಲ್ಲಿ ಮಾಡಿದ್ರೂ ಬಂತಾ ಇಲ್ವಾ ಅನ್ನೋದು. ಪಾಸ್‌ವರ್ಡ್ ಇರೋ ಸಾಲು ಇದ್ರೆ ತೆಗೆದು ಕಳಿಸಿ. ಭಾವನಿಗೂ ಇದನ್ನೇ ಹೇಳಿದೀನಿ, ಇವತ್ತು ಬೆಳಿಗ್ಗೆ ಪೂರ್ತಿ ಟೆಕ್ಸ್ಟ್ ಬಂತು, 64 ಬಿಟ್ ಅಂತ ಮೊದಲ ಸಾಲಲ್ಲೇ ಇದೆ, ಕೊನೇಲಿ ಒಂದು ಪ್ರಶ್ನೆ: "ಟೆಸ್ಟಲ್ಲಿ ಎರಡು ಎಕ್ಸ್ ಬಂಜು, ಬಿಡಲಕ್ಕಾ?"

ಬಿಡಲಕ್ಕು.